ಅಸಲು ಹಂಗೇ ಅದೆ

ಬಡವನ ತೀರದ ಸಾಲದ ಬಗ್ಗೆ ಬರೆಯುವ ಪಂಡಿತರು ಅವನ ಕುಡಿತದಿಂದ, ಮದುವೆಯ ದುಂದಿನಿಂದ, ಮಾರಿಹಬ್ಬದ ಕೋಣದಿಂದ ಶುರುಮಾಡುತ್ತಾರೆ. ನಾವು ಲೆಕ್ಕದ ಪುಸ್ತಕದಿಂದ ಶುರುಮಾಡೋಣ. ಅವನು ಕೊಟ್ಟದ್ದು ಬಡ್ಡಿಗೆ ಜಮೆಯಾಯಿತೋ, ಅಸಲಿಗೆ ಜಮೆಯಾಯಿತೋ? ಹಾಗೆ ಬರೆದವರು ಯಾರು? ಇಷ್ಟು ಕೇಳಿದರೆ ಸಾಕು, ಬಹಳಷ್ಟು ಚರಿತ್ರೆ ತಾನಾಗಿ ಬಾಯಿಬಿಡುತ್ತದೆ.

ಮನುಸ್ಮೃತಿಯ ಎಂಟನೆಯ ಅಧ್ಯಾಯ ತೆಗೆಯಿರಿ. 1927ರ ಡಿಸೆಂಬರ್ 25ರಂದು ಅಂಬೇಡ್ಕರ್ ಮತ್ತವರ ಸಂಗಾತಿಗಳು ಮಹಾಡದಲ್ಲಿ ಸುಟ್ಟದ್ದು ಇದೇ ಪುಸ್ತಕವನ್ನು. ಇಲ್ಲಿ ಬಡ್ಡಿ ಕೂಡ ವರ್ಣವಾರು. ತಿಂಗಳಿಗೆ ನೂರಕ್ಕೆ ಬ್ರಾಹ್ಮಣನಿಂದ ಎರಡು, ಕ್ಷತ್ರಿಯನಿಂದ ಮೂರು, ವೈಶ್ಯನಿಂದ ನಾಲ್ಕು, ಶೂದ್ರನಿಂದ ಐದು. ಪಂಚಮನಿಗೆ ದರವನ್ನೇ ಬರೆದಿಲ್ಲ. ಅವನೂ ಒಬ್ಬ ಸಾಲಗಾರನಾದಾನು ಎಂಬ ಯೋಚನೆಯೇ ಆ ಪಟ್ಟಿಗೆ ಬಂದಂತಿಲ್ಲ!

ಎರಡಕ್ಕೂ ಐದಕ್ಕೂ ಮೂರೇ ರೂಪಾಯಿ ವ್ಯತ್ಯಾಸ ಅಂದುಕೊಂಡರೆ ಮೋಸಹೋದಿರಿ. ಇಬ್ಬರು ತಲಾ ಹತ್ತು ಸಾವಿರ ಸಾಲ ತಂದರು ಅನ್ನಿ. ಇಬ್ಬರೂ ತಿಂಗಳಿಗೆ ಐನೂರು ತಪ್ಪದೆ ಕಟ್ಟುತ್ತಾರೆ. ನೂರಕ್ಕೆ ಎರಡರವನಿಗೆ ಮೊದಲ ತಿಂಗಳ ಬಡ್ಡಿ 200. ಉಳಿದ 300 ಅಸಲಿಗೆ ಹೋಯಿತು. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯಿತು. ಇಪ್ಪತ್ತಾರನೆಯ ತಿಂಗಳಿಗೆ ಅವನು ಋಣಮುಕ್ತ. ನೂರಕ್ಕೆ ಐದರವನಿಗೆ ಬಡ್ಡಿಯೇ 500. ಕಟ್ಟಿದ್ದಷ್ಟೂ ಅಲ್ಲೇ ಇಂಗಿಹೋಯಿತು. ಇಪ್ಪತ್ತಾರು ತಿಂಗಳಾದರೂ ಅಸಲು ಹತ್ತು ಸಾವಿರ, ಇಪ್ಪತ್ತಾರು ವರ್ಷವಾದರೂ ಹತ್ತು ಸಾವಿರ. ಅವನಿಗಿಂತ ಇವನು ಒಂದು ಕಾಸು ಕಡಿಮೆ ಕಟ್ಟಿಲ್ಲ, ಒಂದು ದಿನ ತಡಮಾಡಿಲ್ಲ. ಆದರೂ ಇವನಿಗೆ ಸೋಮಾರಿ, ದುಂದುಗಾರ ಅನ್ನುವ ಹೆಸರು.

ಒಟ್ಟಿಗೆ ವಸೂಲು ಮಾಡುವಾಗ ಬಡ್ಡಿ ಅಸಲನ್ನು ಮೀರಬಾರದು ಎಂಬ ಮಾತೂ ಅದೇ ಪುಸ್ತಕದಲ್ಲಿದೆ. ದಾಮದುಪ್ಪಟ್ ಎಂಬ ಹೆಸರಿನಲ್ಲಿ ಬ್ರಿಟಿಷರ ಕಾಲದ ಮುಂಬಯಿ ಕೋರ್ಟುಗಳೂ ಅದನ್ನು ಪಾಲಿಸಿದವು. ಆದರೆ ತಿಂಗಳು ತಿಂಗಳು ಕಿತ್ತುಕೊಂಡ ಬಡ್ಡಿ ಆ ಲೆಕ್ಕಕ್ಕೆ ಬರುವುದಿಲ್ಲವಲ್ಲ! ಇನ್ನೊಂದು ಕಟ್ಟಳೆ ಇದಕ್ಕಿಂತ ಕ್ರೂರ. ಸಾಲಗಾರ ಧಣಿಯ ಸಮಾನ ಜಾತಿಯವನೋ ಕೆಳಜಾತಿಯವನೋ ಆಗಿದ್ದರೆ ಮೈದುಡಿದು ತೀರಿಸಬೇಕು, ಮೇಲ್ಜಾತಿಯವನಾದರೆ ನಿಧಾನವಾಗಿ ಸ್ವಲ್ಪಸ್ವಲ್ಪ ಕೊಡಬಹುದು. ಅಂದರೆ ಮೇಲಿನವನಿಗೆ ಕಂತು, ಕೆಳಗಿನವನಿಗೆ ಜೀತ.

ಜೀತದ ಲೆಕ್ಕ ನಮ್ಮ ಕೇರಿಗಳಿಗೆ ಹೊಸದಲ್ಲ. ಮದುವೆಗೋ ಸಾವಿಗೋ ಗೌಡನ ಮನೆಯಿಂದ ತಂದ ಮುನ್ನೂರು ನಾನೂರು ರೂಪಾಯಿ. ಕೋಳಿ ಕೂಗುವ ಹೊತ್ತಿಗೆ ಕೊಟ್ಟಿಗೆಯ ಸಗಣಿ, ಹಗಲೆಲ್ಲ ನೇಗಿಲು, ರಾತ್ರಿ ಕಣ ಕಾಯೋದು. ವರ್ಷ ತುಂಬಿದ ಮೇಲೆ ಕೈಕಟ್ಟಿ ನಿಂತು, 'ಬುದ್ಧೀ, ನನ್ನ ಲೆಕ್ಕ ಏನಾಯ್ತು?' ಅಂದರೆ, 'ದುಡಿದದ್ದು ಬಡ್ಡಿಗೆ ಆಯ್ತು ಕಣ್ಲಾ, ಅಸಲು ಹಂಗೇ ಅದೆ.' ಜ್ವರ ಬಂದು ಮಲಗಿದ ದಿನಗಳು ಅಸಲಿಗೆ ಸೇರಿದವು. ಕೊಟ್ಟ ಕಂಬಳಿಯೂ ಸೇರಿತು. ಅಪ್ಪನ ಸೊಂಟ ಬಿದ್ದರೆ ಮಗ ಬಂದ. ಇಲ್ಲಿ ನೂರಕ್ಕೆ ಎರಡು, ಐದು ಎಂಬ ದರವೂ ಇಲ್ಲ. ಒಂದು ಇಡೀ ಆಯುಷ್ಯವೇ ಬಡ್ಡಿ. ಬರೆದವನು ಗೌಡ, ಹೆಬ್ಬೆಟ್ಟು ಒತ್ತಿದವನು ಇವನು.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರ ಫೆಬ್ರವರಿಯಲ್ಲಿ ಜೀತಪದ್ಧತಿ ರದ್ದತಿ ಕಾಯಿದೆಯಾಯಿತು. ತುರ್ತುಪರಿಸ್ಥಿತಿಯ ಕಾಲ, ಬಾಯಿಗೆ ಬೀಗ ಹಾಕಿದ್ದ ಕಾಲ ಎಂಬುದೂ ನೆನಪಿರಲಿ. ಆ ಕಾಯಿದೆ ದೇಶದ ಉದ್ದಗಲಕ್ಕೂ ಜೀತಕ್ಕಿದ್ದ ಹೆಸರುಗಳ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ನಮ್ಮ 'ಜೀತ' ಇದೆ, 'ಹೋಲ್ಯ' ಎಂಬುದೂ ಇದೆ. ಹೊಲೆಯ ಎಂಬ ಜಾತಿಯ ಹೆಸರೇ ಒಂದು ಸಾಲದ ಹೆಸರಾಗಿ ಕಾನೂನಿನ ಪುಸ್ತಕಕ್ಕೆ ಏರಿದ್ದನ್ನು ಕಂಡರೆ ಬೇರೆ ಸಮಾಜಶಾಸ್ತ್ರ ಯಾಕೆ ಬೇಕು?

ಕಾಯಿದೆಯ ನಿಜವಾದ ಬಲ ಇರುವುದು ಎರಡು ಕಡೆ. ಜೀತದ ಸಾಲ ತಾನಾಗಿ ಇಲ್ಲವಾಗುತ್ತದೆ, ಅದರ ಮೇಲೆ ಧಣಿ ಒಂದು ಪೈಸೆ ಈಸಿಕೊಂಡರೂ ಅಪರಾಧ. ಇದು ಒಂದು. ಎರಡನೆಯದು, ಇದು ಜೀತದ ಸಾಲ ಎಂದು ದುಡಿದವನು ಹೇಳಿದರೆ, ಅಲ್ಲ ಎಂದು ರುಜುವಾತು ಮಾಡಬೇಕಾದವನು ಧಣಿ. ಲೆಕ್ಕ ಬರೆದವನೇ ಲೆಕ್ಕ ಒಪ್ಪಿಸಬೇಕಾಗಿ ಬಂದದ್ದು ಸಣ್ಣ ಮಾತಲ್ಲ. ಆದರೆ ಸಾಲ ಹೋಯಿತು, ನಾಳೆಯ ಹಿಟ್ಟು ಎಲ್ಲಿಂದ? 1978ರ ಕೇಂದ್ರ ಯೋಜನೆ ಒಬ್ಬೊಬ್ಬರ ಪುನರ್ವಸತಿಗೆ ಕೊಟ್ಟದ್ದು 4,000 ರೂಪಾಯಿ. ಬಿಡುಗಡೆ ಮಾಡಿ ಪುನರ್ವಸತಿ ಕೊಡದಿದ್ದರೆ ಅವರು ಮತ್ತೆ ಜೀತಕ್ಕೇ ಬೀಳುತ್ತಾರೆ ಎಂದು 1984ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ದೇವರಾಜ ಅರಸರ ಸರ್ಕಾರ 1976ರಲ್ಲೇ ಋಣ ಪರಿಹಾರ ಕಾಯಿದೆ ತಂದಿತು. ಸಣ್ಣ ರೈತರ, ಭೂಹೀನ ಕೂಲಿಗಳ ಖಾಸಗಿ ಸಾಲ ಮನ್ನಾ ಆಯಿತು. ಬ್ಯಾಂಕಿನ ಸಾಲ, ಸೊಸೈಟಿ ಸಾಲ ಅದರ ಹೊರಗೆ ಉಳಿದವು. ಅಷ್ಟರಲ್ಲಿ ಬ್ಯಾಂಕು ಬಡವನ ಕಡೆ ಮುಖಮಾಡಿತ್ತು. 1969ರಲ್ಲಿ ರಾಷ್ಟ್ರೀಕರಣ, 1972ರಲ್ಲಿ ವರ್ಷಕ್ಕೆ ನೂರಕ್ಕೆ ನಾಲ್ಕರ ಸಾಲ, 80ರ ದಶಕದಲ್ಲಿ ಜನಾರ್ದನ ಪೂಜಾರಿಯವರ ಸಾಲಮೇಳ. ಮನುವಿನ ತಿಂಗಳ ಐದರ ಎದುರು ವರ್ಷಕ್ಕೆ ನಾಲ್ಕು! ಸಾಲಮೇಳವನ್ನು ಗೇಲಿ ಮಾಡಿದವರು ಈ ಅಂತರ ನೋಡಲಿಲ್ಲ.

ಓವರ್‌ಡ್ರಾಫ್ಟ್ ಮಾತ್ರ ನಮ್ಮವರಿಗೆ ಬಹಳ ತಡವಾಗಿ ಬಂತು. 1728ರಲ್ಲಿ ಎಡಿನ್‌ಬರೋದ ವಿಲಿಯಂ ಹಾಗ್ ಎಂಬ ವ್ಯಾಪಾರಿಗೆ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಅವನ ಖಾತೆಯಲ್ಲಿದ್ದುದಕ್ಕಿಂತ 1,000 ಪೌಂಡ್ ಹೆಚ್ಚು ತೆಗೆಯಲು ಬಿಟ್ಟದ್ದೇ ಇದರ ಮೊದಲು ಎನ್ನುತ್ತಾರೆ. ಇಲ್ಲಿನ ಕೂಲಿಯವಳ ಜನಧನ ಖಾತೆಗೆ ಆ ಸೌಲಭ್ಯ ಬಂದದ್ದು 2014ರಲ್ಲಿ, 5,000 ರೂಪಾಯಿಯ ಮಿತಿಯಲ್ಲಿ. 2018ರಲ್ಲಿ ಅದು 10,000 ಆಯಿತು.

ಇದಕ್ಕೆ ಕಂತಿನ ಗೊತ್ತುವಳಿ ಇಲ್ಲ. ಸುಖ ಅನ್ನಿಸುತ್ತದೆ, ಆದರೆ ಉರುಳು ಇರುವುದೂ ಅಲ್ಲೇ. ಬಡ್ಡಿ ದಿನದಿನಕ್ಕೆ ಬೆಳೆದು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. ಖಾತೆಗೆ ಬಂದ ಕೂಲಿ ಮೊದಲು ಆ ಹಳ್ಳ ತುಂಬುತ್ತದೆ, ಅಕ್ಕಿಗೆಂದು ಮತ್ತೆ ತೆಗೆದರೆ ಹಳ್ಳ ಮತ್ತೆ ಅಷ್ಟೇ ಆಳ. ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಹತ್ತು ಸಾವಿರಕ್ಕೆ ತಿಂಗಳ ಬಡ್ಡಿ 100. ತಿಂಗಳಿಗೆ ನೂರೇ ಕಟ್ಟಿದರೆ ಹತ್ತು ವರ್ಷವಾದರೂ ಗೌಡನ ಮಾತೇ ನಿಜ. ಮುನ್ನೂರು ಕಟ್ಟಿ, ಮತ್ತೆ ತೆಗೆಯದಿದ್ದರೆ 41 ತಿಂಗಳಿಗೆ ಚುಕ್ತಾ. ಕೂಲಿಯವಳ ಕಷ್ಟವೆಲ್ಲ ಆ ಮೇಲಿನ ಇನ್ನೂರರಲ್ಲಿದೆ. ಅದು ಅವಳ ಒಲೆಯ ಮೇಲಿಂದಲೇ ಬರಬೇಕು.

ಅದಕ್ಕೇ ಹಳೆಯ ಓವರ್‌ಡ್ರಾಫ್ಟನ್ನು ಹಾಗೇ ನವೀಕರಿಸುತ್ತ ಹೋಗುವ ಬದಲು ಅದನ್ನು ಕಂತಿನ ಸಾಲವಾಗಿ ಮಾಡಿಕೊಡಿ ಎಂದು ಬರವಣಿಗೆಯಲ್ಲೇ ಕೇಳಬೇಕು. ಮನು ಮೇಲಿನವರಿಗೆಂದೇ ಎತ್ತಿಟ್ಟಿದ್ದ 'ನಿಧಾನವಾಗಿ, ಸ್ವಲ್ಪಸ್ವಲ್ಪ' ಎಂಬ ಸವಲತ್ತು ಇದೇ ತಾನೆ? ಅರ್ಜಿಯಲ್ಲಿ ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಕೇಳಿ: ಅಸಲೆಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು. ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕಬಾರದು ಎಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ, 2024ರಿಂದ ಅದು ಜಾರಿಯಲ್ಲಿದೆ. ಕೌಂಟರಿನವರು 'ಆಮೇಲೆ ಬಾರಮ್ಮ' ಅಂದರೆ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.