ವೇಲ್ಸ್‌ನ ಉಜ್ಜೀವನ: ಮೊದಲಿನ ಕಲಿಕೆ, ನಂತರದ ಆರೈಕೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ರೈಸ್ತ ಲೋಕದ ಗಮನವನ್ನೆಲ್ಲ ಸೆಳೆದುಕೊಂಡದ್ದು ವೇಲ್ಸ್‌ನ ಉಜ್ಜೀವನ. 1904ರ ಚಳಿಗಾಲದಲ್ಲಿ ಶುರುವಾಗಿ ಮರುವರ್ಷ ಇಳಿಮುಖವಾಗುವ ಹೊತ್ತಿಗೆ ಸುಮಾರು ಒಂದು ಲಕ್ಷ ಜನ ನಂಬಿಕೆಗೆ ಬಂದಿದ್ದರೆಂದು ಅಂದಿನವರ ಅಂದಾಜು. ಆಗ ಇಡೀ ವೇಲ್ಸ್‌ನ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿತ್ತು. ಈ ಉಜ್ಜೀವನವನ್ನು ಇಂದು ಸ್ಮರಿಸುವವರು ಅದರ ಹಾಡುಗಳನ್ನೂ ಕಣ್ಣೀರನ್ನೂ ಸ್ಮರಿಸುತ್ತಾರೆ. ಅದಕ್ಕೆ ಮುನ್ನ ನೂರೆಪ್ಪತ್ತು ವರ್ಷ ನಡೆದಿದ್ದ ಕಲಿಕೆ ಮತ್ತು ಆಮೇಲೆ ಸಾಲದೆ ಹೋದ ಆರೈಕೆ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಕಲಿಯಬೇಕಾದದ್ದು ಹೆಚ್ಚಾಗಿ ಇರುವುದು ಅಲ್ಲೇ.

ಉಜ್ಜೀವನದೊಂದಿಗೆ ತಳುಕು ಹಾಕಿಕೊಂಡ ಹೆಸರು ಇವಾನ್ ರಾಬರ್ಟ್ಸ್ ಅವರದು. 1878ರಲ್ಲಿ ದಕ್ಷಿಣ ವೇಲ್ಸ್‌ನ ಲಖರ್ ಊರಿನಲ್ಲಿ ಹುಟ್ಟಿದ ಅವರು ಬಾಲಕನಾಗಿದ್ದಾಗಲೇ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಗೆ ಇಳಿದರು. ಆಮೇಲೆ ಕೆಲಕಾಲ ಕಮ್ಮಾರಿಕೆ ಕಲಿತರು. 1904ರ ಸೆಪ್ಟೆಂಬರ್‌ನಲ್ಲಿ, ಇಪ್ಪತ್ತಾರನೆಯ ವಯಸ್ಸಿಗೆ, ಸಭಾಪಾಲಕರಾಗುವ ಓದಿಗಾಗಿ ನ್ಯೂಕ್ಯಾಸಲ್ ಎಮ್ಲಿನ್‌ನ ಶಾಲೆ ಸೇರಿದರು. ಅದೇ ತಿಂಗಳ 29ರಂದು ಬ್ಲೈನಾನರ್ಖ್ ಎಂಬಲ್ಲಿ ಸುವಾರ್ತಿಕ ಸೆತ್ ಜೋಶುವಾ ಅವರ ಕೂಟದಲ್ಲಿ ಅವರ ಮನಸ್ಸು ಪೂರ್ತಿ ಕರಗಿಹೋಯಿತು. ಓದನ್ನು ಅಲ್ಲಿಗೇ ಬಿಟ್ಟು ಊರಿಗೆ ಮರಳಿದರು.

ಆದರೆ ಕೆಲಸ ಅವರಿಂದಲೇ ಆರಂಭವಾಯಿತೆನ್ನುವುದು ಸರಿಯಲ್ಲ. ಕಾರ್ಡಿಗನ್ ಸೀಮೆಯ ನ್ಯೂ ಕೀ ಊರಿನಲ್ಲಿ ಸಭಾಪಾಲಕ ಜೋಸೆಫ್ ಜೆಂಕಿನ್ಸ್ ಯುವಜನರಿಗಾಗಿ ಕೂಟಗಳನ್ನು ನಡೆಸುತ್ತಿದ್ದರು. ಅಲ್ಲಿ 1904ರ ಫೆಬ್ರವರಿಯಲ್ಲಿ ಫ್ಲಾರಿ ಇವಾನ್ಸ್ ಎಂಬ ಹುಡುಗಿ ಎದ್ದು ನಿಂತು ಯೇಸುವಿನ ಮೇಲಿನ ತನ್ನ ಪ್ರೀತಿಯನ್ನು ಸರಳವಾಗಿ ಹೇಳಿಕೊಂಡಾಗಲೇ ಅಲ್ಲಿನ ಯುವಜನರಲ್ಲಿ ಹೊಸ ಚೈತನ್ಯ ಕಾಣಿಸಿತ್ತು. ಹೆಸರಾಗದ ಊರುಗಳಲ್ಲಿ ಹೀಗೆ ಸದ್ದಿಲ್ಲದೆ ದುಡಿದವರನ್ನು ಇತಿಹಾಸ ಬೇಗ ಮರೆಯುತ್ತದೆ.

ಅಕ್ಟೋಬರ್ 31, ಸೋಮವಾರ ಸಂಜೆ ಲಖರ್‌ನ ಮೊರೀಯ ಚಾಪೆಲ್‌ನಲ್ಲಿ ವಾಡಿಕೆಯ ಪ್ರಾರ್ಥನೆ ಮುಗಿದ ಮೇಲೆ ಹದಿನೇಳು ಮಂದಿ ರಾಬರ್ಟ್ಸ್ ಅವರ ಮಾತು ಕೇಳಲು ಉಳಿದುಕೊಂಡರು. ಹೆಚ್ಚಿನವರು ಹರೆಯದವರು. ಅವರ ಮುಂದೆ ರಾಬರ್ಟ್ಸ್ ದೊಡ್ಡ ಪ್ರಸಂಗವನ್ನೇನೂ ಮಾಡಲಿಲ್ಲ. ಆ ದಿನಗಳಲ್ಲಿ ಅವರು ಮತ್ತೆ ಮತ್ತೆ ಹೇಳುತ್ತಿದ್ದ ಸಂಗತಿಗಳು ನಾಲ್ಕೇ: ತಿಳಿದಿರುವ ಪಾಪವನ್ನು ಅರಿಕೆಮಾಡಿ ಬಿಡಬೇಕು, ಸರಿಯೋ ತಪ್ಪೋ ಎಂಬ ಅನುಮಾನವಿರುವುದನ್ನೂ ದೂರ ಮಾಡಬೇಕು, ಪವಿತ್ರಾತ್ಮನ ಪ್ರೇರಣೆಗೆ ತಡಮಾಡದೆ ವಿಧೇಯರಾಗಬೇಕು, ಕ್ರಿಸ್ತನನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕು. ರಾತ್ರಿ ಬಹಳ ಹೊತ್ತಿನವರೆಗೆ ಒಬ್ಬೊಬ್ಬರಾಗಿ ಎದ್ದು ಒಪ್ಪಿಕೊಂಡರು. ಎರಡು ವಾರದೊಳಗೆ ಊರಿನ ಚಾಪೆಲ್‌ಗಳು ತುಂಬಿ, ಕಾರ್ಡಿಫ್‌ನ ‘ವೆಸ್ಟರ್ನ್ ಮೇಲ್’ ಪತ್ರಿಕೆ ವರದಿಗಾರರನ್ನು ಕಳಿಸಿತು. ಆ ಪತ್ರಿಕೆಯ ನಿತ್ಯದ ವರದಿಗಳು ಸುದ್ದಿಯನ್ನು ಕಣಿವೆಯಿಂದ ಕಣಿವೆಗೆ ಹಬ್ಬಿಸಿದವು.

ಕೂಟಗಳಿಗೆ ಗೊತ್ತಾದ ಕ್ರಮವಿರಲಿಲ್ಲ. ಯಾರೋ ಪ್ರಾರ್ಥಿಸುತ್ತಿರುವಾಗ ಇನ್ನಾರೋ ಕೀರ್ತನೆ ಎತ್ತುತ್ತಿದ್ದರು, ಮರುಗಳಿಗೆ ಇಡೀ ಸಭೆ ನಾಲ್ಕು ಸ್ವರಗಳಲ್ಲಿ ದನಿಗೂಡಿಸುತ್ತಿತ್ತು. ಆನಿ ಡೇವಿಸ್‌ರಂಥ ಯುವತಿಯರು ಹಾಡಿದರು, ಪ್ರಾರ್ಥಿಸಿದರು, ಸಾಕ್ಷಿ ಹೇಳಿದರು. ಗಂಡಸರಷ್ಟೇ ಪ್ರಸಂಗಪೀಠ ಏರುತ್ತಿದ್ದ ಕಾಲದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಹಳೆಯ ಸಾಲಗಳು ತೀರಿದವು, ಮುನಿಸಿಕೊಂಡಿದ್ದ ಮನೆತನಗಳು ರಾಜಿಯಾದವು. ಗ್ಲಾಮೋರ್ಗನ್ ಸೀಮೆಯಲ್ಲಿ ಕುಡಿತದ ಪ್ರಕರಣಗಳಲ್ಲಿ ಶಿಕ್ಷೆಯಾದವರ ಸಂಖ್ಯೆ 1903ರಿಂದ 1906ರೊಳಗೆ ಸುಮಾರು ಅರ್ಧಕ್ಕೆ ಇಳಿಯಿತು. ಗಣಿಯೊಳಗೆ ಕಲ್ಲಿದ್ದಲ ಬಂಡಿ ಎಳೆಯುವ ತಟ್ಟುಗಳು ಬೈಗುಳದ ಅಪ್ಪಣೆಗೇ ಒಗ್ಗಿಹೋಗಿದ್ದರಿಂದ, ಗಣಿಯಾಳುಗಳು ಬೈಯುವುದನ್ನು ಬಿಟ್ಟ ಮೇಲೆ ಏನು ಮಾಡಬೇಕೆಂದು ತೋಚದೆ ನಿಂತುಬಿಡುತ್ತಿದ್ದವು ಎಂಬ ಮಾತು ಆಗಿನಿಂದಲೂ ಪ್ರಚಲಿತ.

ಇಷ್ಟು ಬೇಗ ಇಷ್ಟು ಜನ ಹಾಡಲು, ಸತ್ಯವೇದದ ಮಾತುಗಳಲ್ಲಿ ಪ್ರಾರ್ಥಿಸಲು ಹೇಗೆ ಸಾಧ್ಯವಾಯಿತು? ಉತ್ತರ ಹದಿನೆಂಟನೆಯ ಶತಮಾನದಲ್ಲಿದೆ. ಗ್ರಿಫಿತ್ ಜೋನ್ಸ್ ಎಂಬ ಪಾದ್ರಿ 1730ರ ದಶಕದಲ್ಲಿ ಸಂಚಾರಿ ಶಾಲೆಗಳನ್ನು ಆರಂಭಿಸಿದರು. ಹೊಲದ ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಮೇಷ್ಟರು ಒಂದು ಊರಿಗೆ ಬಂದು, ಮಕ್ಕಳಿಗೆ ಹಗಲು, ದೊಡ್ಡವರಿಗೆ ರಾತ್ರಿ ವೆಲ್ಷ್ ಸತ್ಯವೇದ ಓದಲು ಕಲಿಸಿ, ಮುಂದಿನ ಊರಿಗೆ ಹೋಗುತ್ತಿದ್ದರು. 1761ರಲ್ಲಿ ಜೋನ್ಸ್ ತೀರಿಕೊಳ್ಳುವ ಹೊತ್ತಿಗೆ ಇಂಥ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳು ನಡೆದಿದ್ದವು. ಇದೇ ಅವಧಿಯಲ್ಲಿ ಹೊವೆಲ್ ಹ್ಯಾರಿಸ್, ಡೇನಿಯಲ್ ರೋಲೆಂಡ್ ಅವರ ಬೋಧನೆಯಿಂದ ದೊಡ್ಡ ಉಜ್ಜೀವನ ಉಂಟಾಯಿತು. ಅವರು ಜನರನ್ನು ಎಚ್ಚರಿಸಿ ಅಷ್ಟಕ್ಕೇ ಕೈಬಿಡಲಿಲ್ಲ. ಊರೂರಿನಲ್ಲಿ ವಿಶ್ವಾಸಿಗಳ ಚಿಕ್ಕ ಕೂಟ ಕಟ್ಟಿದರು. ಸದಸ್ಯರು ತಮ್ಮ ಬಾಳಿನ ಏರಿಳಿತಗಳನ್ನು ಅಲ್ಲಿ ಹೇಳಿಕೊಳ್ಳುತ್ತಿದ್ದರು, ಅನುಭವಿ ಹಿರಿಯರು ಪ್ರಶ್ನಿಸಿ, ತಿದ್ದಿ, ಧೈರ್ಯ ಹೇಳುತ್ತಿದ್ದರು. ಕೀರ್ತನಕಾರ ವಿಲಿಯಂ ವಿಲಿಯಮ್ಸ್ ಪಾಂಟಿಕೆಲಿನ್ ಇಂಥ ಕೂಟ ನಡೆಸುವ ಬಗೆಯನ್ನು ವಿವರಿಸಿ 1777ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಆಮೇಲೆ ಬಾಲಾ ಊರಿನ ಥಾಮಸ್ ಚಾರ್ಲ್ಸ್ ಭಾನುವಾರ ಶಾಲೆಗಳನ್ನು ಬೆಳೆಸಿದರು. ವೇಲ್ಸ್‌ನಲ್ಲಿ ಅಜ್ಜಂದಿರೂ ಭಾನುವಾರ ಶಾಲೆಗೆ ಹೋಗುತ್ತಿದ್ದರು. 1904ರ ಕೂಟಗಳಲ್ಲಿ ಪುಸ್ತಕವಿಲ್ಲದೆ ಹಾಡಿದ ಗಣಿಯಾಳು ಆ ಕೀರ್ತನೆಗಳನ್ನು ಬಾಯಿಪಾಠ ಮಾಡಿದ್ದು ಅಂಥಲ್ಲಿ. ಪ್ರಸಂಗವಿಲ್ಲದೆಯೂ ಕೂಟ ನಡೆದದ್ದು ಹಿಂದಿನ ಪ್ರಸಂಗಗಳ ಬಲದಿಂದ.

ಟೀಕೆಯೂ ಬಂತು. 1905ರ ಜನವರಿಯಲ್ಲಿ ಡೌಲೈಸ್‌ನ ಸಭಾಪಾಲಕ ಪೀಟರ್ ಪ್ರೈಸ್ ‘ವೆಸ್ಟರ್ನ್ ಮೇಲ್’ಗೆ ಪತ್ರ ಬರೆದು, ನಾಡಿನಲ್ಲಿ ನಿಜವಾದ ಉಜ್ಜೀವನವೊಂದು ನಡೆಯುತ್ತಿದೆ, ರಾಬರ್ಟ್ಸ್ ಸುತ್ತ ನಡೆಯುತ್ತಿರುವುದು ಅದರ ನಕಲು ಎಂದು ವಾದಿಸಿದರು. ಪತ್ರದ ಧಾಟಿ ಕಟುವಾಗಿತ್ತು, ರಾಬರ್ಟ್ಸ್ ಬಗ್ಗೆ ಅದು ನ್ಯಾಯವಾಗಿಯೂ ಇರಲಿಲ್ಲ. ಆದರೆ ಪ್ರೇರಣೆಯನ್ನು ವಾಕ್ಯದಿಂದ ಪರೀಕ್ಷಿಸುವವರು ಬೇಕೆಂಬ ಕಾಳಜಿ ಪೊಳ್ಳಲ್ಲ. ರಾಬರ್ಟ್ಸ್ ಪ್ರತಿದಿನ ಹಲವು ಕೂಟಗಳಿಗೆ ಹೋಗಿ ಊಟ, ನಿದ್ರೆ ಮರೆತಿದ್ದರು. ಫೆಬ್ರವರಿ ಕೊನೆಯಲ್ಲಿ ಒಂದು ವಾರ ಮೌನವಾಗಿದ್ದುಬಿಟ್ಟರು. ಜನ ಅವರನ್ನು ನೋಡಲೆಂದೇ ನುಗ್ಗುತ್ತಿದ್ದರು. ಕೂಟದಲ್ಲಿ ಅಡ್ಡಿ ಮಾಡುತ್ತಿರುವವರು ಯಾರೆಂದು ತನಗೆ ಗೊತ್ತೆಂದು ಅವರು ಹೇಳತೊಡಗಿದಾಗ ಕೆಲವರು ಕಳವಳಗೊಂಡರು. ಹಿರಿಯರು ಅವರನ್ನು ಕೂರಿಸಿ, ವಿಶ್ರಾಂತಿ ಕೊಟ್ಟು, ಹೊರೆ ಹಂಚಿಕೊಳ್ಳಬೇಕಿತ್ತು. ಅದು ಸಾಕಷ್ಟು ಆಗಲಿಲ್ಲ. 1906ರಲ್ಲಿ ಅವರ ಆರೋಗ್ಯ ಕುಸಿಯಿತು. ಲೆಸ್ಟರ್‌ನಲ್ಲಿ ಜೆಸ್ಸಿ ಪೆನ್-ಲೂಯಿಸ್ ಎಂಬ ಬರಹಗಾರ್ತಿಯ ಮನೆ ಸೇರಿ, ಸಾರ್ವಜನಿಕ ಸೇವೆಯಿಂದ ಬಹುಪಾಲು ಹಿಂದೆ ಸರಿದರು. 1951ರಲ್ಲಿ ಕಾರ್ಡಿಫ್‌ನಲ್ಲಿ ತೀರಿಕೊಂಡರು. ಒಬ್ಬ ಬೋಧಕನ ಮುಖವನ್ನೇ ಭಿತ್ತಿಪತ್ರದ ತುಂಬ ಅಚ್ಚು ಹಾಕಿಸುವ ಇಂದಿನ ಸಭೆಗಳು ಆ ದೀರ್ಘ ಮೌನದ ಬಗ್ಗೆ ಗಂಭೀರವಾಗಿ ಯೋಚಿಸಬೇಕು.

ವೇಲ್ಸ್‌ನಲ್ಲಿ ಚಾಪೆಲ್ ಸದಸ್ಯರ ಸಂಖ್ಯೆ 1905–06ರ ಹೊತ್ತಿಗೆ ತುದಿ ಮುಟ್ಟಿ ಇಳಿಯತೊಡಗಿತು. ಹೊಸಬರಿಗೆ ಕ್ರಮವಾದ ಬೋಧನೆ ಎಲ್ಲೆಡೆ ಸಿಗಲಿಲ್ಲ. ಗಣಿಗಳಲ್ಲಿ ಕೂಲಿಯ ಹೋರಾಟ ಬಿಸಿಯಾಗಿ 1910ರಲ್ಲಿ ಟೋನಿಪ್ಯಾಂಡಿಯಲ್ಲಿ ದೊಂಬಿಯಾಯಿತು. ಬಡಗಣಿಗನ ಸಂಕಟಕ್ಕೆ ಚಾಪೆಲ್‌ನಲ್ಲಿ ಉತ್ತರ ಕಾಣದ ಯುವಕರು ಕಾರ್ಮಿಕ ಸಂಘಗಳತ್ತ ಹೋದರು. ಬಳಿಕ ಮಹಾಯುದ್ಧ ಬಂತು. ಹಾಗೆಂದು ಎಲ್ಲ ಆರಿಹೋಯಿತೆನ್ನಲಾಗದು: ಚಾಪೆಲ್‌ಗಳನ್ನು ದಶಕಗಳ ಕಾಲ ಹೊತ್ತು ನಡೆಸಿದವರಲ್ಲಿ ಅನೇಕರು ಆ ಚಳಿಗಾಲದಲ್ಲಿ ನಂಬಿಕೆಗೆ ಬಂದವರೇ.

ಸುದ್ದಿ ಭಾರತಕ್ಕೂ ಮುಟ್ಟಿತು. ಖಾಸಿ ಬೆಟ್ಟಗಳಲ್ಲಿ 1841ರಿಂದ ವೆಲ್ಷ್ ಮಿಷನರಿಗಳು ಶಾಲೆ ನಡೆಸಿ, ಖಾಸಿ ಭಾಷೆಗೆ ಲಿಪಿ ಅಳವಡಿಸಿದ್ದರು. ಅಲ್ಲಿ 1905ರಲ್ಲಿ ಉಜ್ಜೀವನವಾಯಿತು. ಮರುವರ್ಷ ಅದನ್ನು ಕಂಡು ಬಂದವರಿಂದ ಮಿಜೋ ಬೆಟ್ಟಗಳಿಗೂ ಹಬ್ಬಿತು.

ಪುಣೆಯ ಹತ್ತಿರದ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಆದದ್ದು ಕನ್ನಡಿಗರಿಗೆ ಇನ್ನೂ ಹತ್ತಿರದ ಕಥೆ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಬರಗಾಲದಿಂದ ಪಾರುಮಾಡಿ ತಂದ ನೂರಾರು ಹೆಣ್ಣುಮಕ್ಕಳು ಮುಕ್ತಿಯಲ್ಲಿದ್ದರು. 1905ರ ಜನವರಿಯಲ್ಲಿ ರಮಾಬಾಯಿ ನಿತ್ಯ ಪ್ರಾರ್ಥನೆಗೆ ಕರೆ ಕೊಟ್ಟಾಗ ಮೊದಲು ಮುಂದೆ ಬಂದವರು ಎಪ್ಪತ್ತು ಮಂದಿ. ಜೂನ್ ಕೊನೆಯಲ್ಲಿ ಹುಡುಗಿಯರು ಪಾಪ ಅರಿಕೆಮಾಡುತ್ತ, ಅಳುತ್ತ, ಹಾಡುತ್ತ ಗಂಟೆಗಟ್ಟಲೆ ಪ್ರಾರ್ಥಿಸಿದರು. ಆದರೂ ಮುಕ್ತಿಯಲ್ಲಿ ಪಾಠ, ಮಗ್ಗ, ಹೊಲ, ಅಚ್ಚುಕೂಟದ ಕೆಲಸ ಮುಂದುವರಿದವು. ಹುಡುಗಿಯರ ತಂಡಗಳು ಸುತ್ತಲ ಹಳ್ಳಿಗಳಿಗೆ ಹೋಗಿ ಸುವಾರ್ತೆ ಸಾರಿದವು. ಪ್ರಾರ್ಥನೆ ಮತ್ತು ದುಡಿಮೆ ಒಂದೇ ಸೂರಿನಡಿ ಇದ್ದದ್ದರಿಂದ ಅಲ್ಲಿನ ಉತ್ಸಾಹಕ್ಕೆ ದಾರಿ ಸಿಕ್ಕಿತು. 1912ರ ಸುಮಾರಿಗೆ ಗುಲ್ಬರ್ಗಾದಲ್ಲಿ ಶಾಲೆಯೊಂದು ಆರಂಭವಾಗಿ, ರಮಾಬಾಯಿಯವರ ಮಗಳು ಮನೋರಮಾಬಾಯಿ ಅದರ ಹೊಣೆ ಹೊತ್ತರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ತರುವ ಕೆಲಸದಲ್ಲಿ ತೊಡಗಿ, 1922ರ ಏಪ್ರಿಲ್‌ನಲ್ಲಿ ನಿಧನರಾಗುವ ಮುನ್ನ ಅದನ್ನು ಮುಗಿಸಿದರು. ಆ ಅನುವಾದ ಮುಕ್ತಿಯ ಅಚ್ಚುಕೂಟದಲ್ಲೇ ಮುದ್ರಣಗೊಂಡಿತು.