ಕಾವಲುಗಾರನ ಲೋಪ: ವೈರಸ್ ನಿರೋಧಕ ತಂತ್ರಾಂಶಗಳ ಚರಿತ್ರೆಯಲ್ಲೊಂದು ವಿಚಾರ

ತುಳುನಾಡಿನಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿಕಟ್ಟಿ ಇಡುವ ಪದ್ಧತಿಯನ್ನು ವಾಚಕರು ಬಲ್ಲರು. ಮುಡಿಯೊಳಗೆ ಹುಳು ಹಿಡಿದಿದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ ಅದನ್ನು ಬಿಚ್ಚಿಯೇ ನೋಡಬೇಕು. ಬಿಚ್ಚಿ ನೋಡುವವನಿಗೆ ಉಗ್ರಾಣದ ಬೀಗದ ಕೈಯನ್ನೂ ಒಪ್ಪಿಸಬೇಕು. ಗಣಕಯಂತ್ರಗಳನ್ನು ಕಾಯುವ ವೈರಸ್ ನಿರೋಧಕ ತಂತ್ರಾಂಶಗಳ ಸ್ಥಿತಿಯೂ ಇಂಥದೇ ಆಗಿರುವುದು. ಅವು ಒಳಬರುವ ಪ್ರತಿಯೊಂದು ಕಡತವನ್ನೂ ಬಿಚ್ಚುತ್ತವೆ. ಯಂತ್ರದ ಪರಮಾಧಿಕಾರವೂ ಅವುಗಳ ಕೈಯಲ್ಲಿರುತ್ತದೆ. ಇಂಥ ಕಾವಲುಗಾರನೇ ಎಡವಿದರೆ ಆಗುವ ಅನಾಹುತವೇನು ಎಂಬುದನ್ನು ಚರಿತ್ರೆಯ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ರಚಿಸಿದ ‘ಬ್ರೇನ್’ ಎಂಬುದು ಐಬಿಎಂ ಮಾದರಿಯ ಗಣಕಗಳಲ್ಲಿ ಹರಡಿದ ಮೊದಲ ವೈರಸ್ಸೆಂದು ಪ್ರಸಿದ್ಧವಾಗಿದೆ. ಮುಂದಿನ ಕೆಲವೇ ವರ್ಷಗಳಲ್ಲಿ ನಿರೋಧಕ ತಂತ್ರಾಂಶಗಳು ಮಾರಾಟಕ್ಕೆ ಬಂದುವು. ಆದರೆ ಅವುಗಳನ್ನು ಬರೆದವರೂ ಮನುಷ್ಯರೇ ಆದಕಾರಣ, ಇತರ ತಂತ್ರಾಂಶಗಳಲ್ಲಿರುವ ದೋಷಗಳು ಇವುಗಳಲ್ಲಿಯೂ ಸೇರಿಕೊಂಡುವು.

ಈ ದೋಷದ ಮೊದಲ ಬಗೆಯು ಓದುವಿಕೆಯ ದೋಷ. 2004ರ ಮಾರ್ಚ್ ತಿಂಗಳಿನಲ್ಲಿ ‘ವಿಟ್ಟಿ’ ಎಂಬ ಹುಳುವು ‘ಬ್ಲ್ಯಾಕ್ ಐಸ್’ ಮೊದಲಾದ ರಕ್ಷಣಾ ತಂತ್ರಾಂಶಗಳ ಲೋಪವನ್ನೇ ಹಿಡಿದು ಹಬ್ಬಿತು. ಲೋಪವು ಪ್ರಕಟವಾಗಿ ಎರಡು ದಿನಗಳೂ ಕಳೆದಿರಲಿಲ್ಲ. ಸುಮಾರು 12,000 ಯಂತ್ರಗಳು ಬಲಿಯಾದುವು. ರಕ್ಷಣೆಯನ್ನು ಕೊಂಡವರೇ ಇಲ್ಲಿ ಕೆಟ್ಟರು. ಕೊಳ್ಳದವರಿಗೆ ಏನೂ ಆಗಲಿಲ್ಲ. 2006ರ ಮೇ ತಿಂಗಳಿನಲ್ಲಿ ಸಿಮ್ಯಾಂಟೆಕ್ ಸಂಸ್ಥೆಯ ತಂತ್ರಾಂಶದಲ್ಲಿಯೂ ಲೋಪವೊಂದು ಕಂಡುಬಂದು, ಅದಕ್ಕೆ ತೇಪೆಯನ್ನು ಒದಗಿಸಲಾಯಿತು. ಆದರೂ ತೇಪೆ ಹಚ್ಚದೆ ಉಳಿದ ಯಂತ್ರಗಳನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಹುಳುವೊಂದು ಹೊಕ್ಕಿತು.

ಎರಡನೆಯದು ಅಧಿಕಾರದ ಅತಿಶಯ. 2016ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕನಾದ ಟಾವಿಸ್ ಆರ್ಮಂಡಿಯು ತೋರಿಸಿಕೊಟ್ಟಂತೆ, ಸಿಮ್ಯಾಂಟೆಕ್ಕಿನ ತಂತ್ರಾಂಶವು ವಿಂಡೋಸ್ ವ್ಯವಸ್ಥೆಯ ತಿರುಳಿನಲ್ಲಿಯೇ ಕುಳಿತು ಅಪರಿಚಿತ ಕಡತಗಳನ್ನು ಬಿಚ್ಚುತ್ತಿದ್ದಿತು. ಯಂತ್ರದ ಒಡೆಯನು ಆ ಕಡತವನ್ನು ಮುಟ್ಟಬೇಕಾಗಿಯೇ ಇರಲಿಲ್ಲ; ಅದು ಅಂಚೆಯಲ್ಲಿ ಬಂದು ಬಿದ್ದರೆ ಸಾಕಾಗಿದ್ದಿತು. 2017ರ ಮೇ ತಿಂಗಳಿನಲ್ಲಿ ಆತನೂ ನಟಾಲೀ ಸಿಲ್ವನೋವಿಚ್ ಅವರೂ ಮೈಕ್ರೋಸಾಫ್ಟಿನ ರಕ್ಷಕದಲ್ಲಿ ಇಂಥದೇ ದೋಷವನ್ನು ಕಂಡುಹಿಡಿದರು. ಆ ಸಂಸ್ಥೆಯು ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿದ್ದು ಶ್ಲಾಘನೀಯ. 2018ರಲ್ಲಿ ಆ ರಕ್ಷಕವನ್ನು ಪ್ರತ್ಯೇಕವಾದ ಆವರಣದೊಳಗೆ ನಡೆಯಿಸುವ ಏರ್ಪಾಡನ್ನೂ ಮಾಡಿತು.

ಮೂರನೆಯದು ದಾರಿಯ ದೋಷ. ಇದು ನಮ್ಮ ದೇಶದ್ದೇ ಆದ ಕಥೆ. ಭಾರತದ ‘ಈಸ್ಕ್ಯಾನ್’ ತಂತ್ರಾಂಶವು ತನ್ನ ಹೊಸ ಮಾಹಿತಿಯನ್ನು ಗೂಢಲಿಪಿಯ ರಕ್ಷಣೆಯಿಲ್ಲದ ಮಾರ್ಗದಲ್ಲಿ ತರಿಸಿಕೊಳ್ಳುತ್ತಿದ್ದಿತು. ನಡುದಾರಿಯಲ್ಲಿ ಹೊಂಚಿದವರು ನಿಜವಾದ ಕಟ್ಟನ್ನು ತೆಗೆದು ಕಪಟದ ಕಟ್ಟನ್ನು ಇರಿಸಿದರು. ‘ಗುಪ್ತಿಮೈನರ್’ ಎಂದು ಹೆಸರಾದ ಈ ಕೃತ್ಯವು 2018ರಿಂದಲಾದರೂ ನಡೆದಿದ್ದಿತೆಂದು ಅವಾಸ್ಟ್ ಸಂಸ್ಥೆಯು 2024ರ ಏಪ್ರಿಲಿನಲ್ಲಿ ಪ್ರಕಟಿಸಿತು. ಈಸ್ಕ್ಯಾನಿಗೂ ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆಗೂ ಮೊದಲೇ ತಿಳಿಸಲಾಗಿದ್ದುದರಿಂದ, ಲೋಪವನ್ನು ಸರಿಪಡಿಸಿದ ವರ್ತಮಾನವು 2023ರ ಜುಲೈ 31ರಂದು ಬಂದಿದ್ದಿತು.

ಶತ್ರುವೇ ಇಲ್ಲದೆ ಕಾವಲುಗಾರನು ಮನೆಯನ್ನು ಕೆಡವಿದ ಪ್ರಸಂಗವೂ ಉಂಟು. 2024ರ ಜುಲೈ 19ರಂದು ಬೆಳಗ್ಗೆ ಭಾರತದ ಕಾಲಮಾನ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಕಳುಹಿಸಿದ ಕಡತವೊಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನಿಲ್ಲಿಸಿತು. ತಂತ್ರಾಂಶವು ಒದಗಿಸುತ್ತಿದ್ದುದು 20 ಅಂಶಗಳನ್ನು. ಹೊಸ ಕಡತವು ಕೇಳಿದುದು 21ನೆಯದನ್ನು. 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ ಆಗಬೇಕಾದ ಹಾನಿಯು ಆಗಿಹೋಗಿದ್ದಿತು. ಬೆಂಗಳೂರಿನ ವಿಮಾನನಿಲ್ದಾಣದಲ್ಲಿಯೂ ಕೆಲಸವು ಅಸ್ತವ್ಯಸ್ತವಾಯಿತು. ದೇಶದ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಗಿ ಬಂದಿತು.

ಹಾಗಾದರೆ ಕಾವಲನ್ನೇ ತ್ಯಜಿಸಬೇಕೆಂದು ಯಾರಾದರೂ ಹೇಳಬಹುದು. ಅದು ಯುಕ್ತವಲ್ಲ. ಹುಳುವಿಗೆ ಅಂಜಿ ಮುಡಿಯನ್ನು ಬಿಚ್ಚದೆಯೇ ಇಟ್ಟರೆ ಅಕ್ಕಿಯು ಉಳಿಯಲಾರದು. ಮೇಲಿನ ಸಂಗತಿಗಳಿಂದ ಸಿದ್ಧವಾಗುವುದಿಷ್ಟೆ: ಕಾಯುವವನಿಗೆ ಬೇಕಾದಷ್ಟೇ ಅಧಿಕಾರವಿರಬೇಕು, ಅವನು ಬಿಚ್ಚುವ ಜಾಗವು ಉಗ್ರಾಣದಿಂದ ಬೇರೆಯಾಗಿರಬೇಕು, ಅವನಿಗೆ ಬರುವ ಆಜ್ಞೆಯು ಮುದ್ರಾಂಕಿತವಾಗಿರಬೇಕು, ಹೊಸದೆಲ್ಲವೂ ಮೊದಲು ಕೆಲವೆಡೆ ಪರೀಕ್ಷೆಗೊಂಡು ಆಮೇಲೆ ಎಲ್ಲೆಡೆಗೂ ಹೋಗಬೇಕು. ಶಿರ್ವದಂಥ ಊರಿನ ಬ್ಯಾಂಕು, ಶಾಲೆ, ಅಂಗಡಿಗಳ ಲೆಕ್ಕವೆಲ್ಲವೂ ಇಂದು ಗಣಕದಲ್ಲಿಯೇ ಇದೆ. ಮುಂಬಯಿಯಲ್ಲಿಯೂ ಗಲ್ಫಿನಲ್ಲಿಯೂ ದುಡಿಯುವವರು ಕಳುಹಿಸುವ ಹಣವೂ ಅದೇ ದಾರಿಯಿಂದ ಬರುವುದು. ಆದುದರಿಂದ ಈ ವಿಚಾರವು ತಜ್ಞರಿಗೆ ಮಾತ್ರ ಸೇರಿದುದಲ್ಲ. ತೇಪೆ ಬಂದ ದಿನವೇ ಅದನ್ನು ಹಚ್ಚುವುದು ಯಂತ್ರವುಳ್ಳ ಪ್ರತಿಯೊಬ್ಬನ ಕರ್ತವ್ಯ. 2006ರ ಪಾಠವು ಅದೇ ಆಗಿರುವುದು.