ಹಳೆಯ ಕಂಪ್ಯೂಟರು, ಹಗುರ ಡೆಸ್ಕ್‌ಟಾಪು, ಕನ್ನಡದ ಅಕ್ಷರ

ಕಂಪ್ಯೂಟರಿಗೆ ವಯಸ್ಸಾಗುವುದು ಎರಡು ಬಗೆಯಲ್ಲಿ. ಮೊದಲನೆಯದು ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ಕಿಗೆ ಬರುವ ವಯಸ್ಸು. ಕರಾವಳಿಯ ನಾಲ್ಕು ತಿಂಗಳ ಮಳೆ, ಉಪ್ಪುಗಾಳಿ, ಸಿಡಿಲು ಎಲ್ಲ ಸೇರಿ ಅದನ್ನು ಸ್ವಲ್ಪ ಬೇಗನೆ ತರುತ್ತವೆ. ಎರಡನೆಯದು ಕಾಗದದ ಮೇಲಿನ ವಯಸ್ಸು. ಯಂತ್ರ ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದನ್ನು ನಡೆಸುವ ತಂತ್ರಾಂಶದ ಕಂಪನಿ, ಇಂಥ ದಿನದ ನಂತರ ಸುರಕ್ಷತಾ ಪರಿಷ್ಕರಣೆ ಇಲ್ಲ ಎಂದು ಘೋಷಿಸುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಆ ದಿನ 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಮುಂದಿನ ವಿಂಡೋಸ್ 11 ಹಾಕಬೇಕಾದರೆ ಕನಿಷ್ಠ 4 ಜಿಬಿ ರ‍್ಯಾಮ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸುಮಾರಾಗಿ 2017ರ ಈಚಿನ ಪ್ರೊಸೆಸರ್ ಬೇಕು. ಇವು ಇಲ್ಲದ ಯಂತ್ರ ಚೆನ್ನಾಗಿ ಓಡುತ್ತಿದ್ದರೂ ಗುಜರಿಗೆ ಹೊರಟಂತೆಯೇ.

ಶಾಲೆಯ ಕಂಪ್ಯೂಟರ್ ಕೋಣೆ, ಗ್ರಾಮ ಪಂಚಾಯತಿನ ಗ್ರಂಥಾಲಯ, ಡಿಟಿಪಿ ಅಂಗಡಿ, ನಿವೃತ್ತ ಮೇಷ್ಟ್ರ ಮನೆಯ ಮೂಲೆ ಇವೆಲ್ಲ ಹಳೆಯ ಯಂತ್ರಗಳ ಕೊನೆಯ ತಂಗುದಾಣಗಳು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಲ್ಲಿ ಹೋದರೂ ಮಾತು ಇದೇ. ಇಂಥ ಯಂತ್ರವನ್ನು ಉಳಿಸಿಕೊಳ್ಳುವ ಸರಳ ದಾರಿಯೆಂದರೆ ಮುಕ್ತ ತಂತ್ರಾಂಶದ ಹಗುರ ಡೆಸ್ಕ್‌ಟಾಪ್ ಅಳವಡಿಸುವುದು. ಆದರೆ ಹಗುರ ಮಾಡುವಾಗ ಏನನ್ನು ತೆಗೆಯಬಹುದು, ಏನನ್ನು ತೆಗೆಯಬಾರದು ಎಂಬ ಪ್ರಶ್ನೆ ಕನ್ನಡದವರಿಗೆ ಬೇರೆಯೇ ರೀತಿಯಲ್ಲಿ ಎದುರಾಗುತ್ತದೆ. ಅದಕ್ಕೊಂದು ಇತಿಹಾಸವಿದೆ; ಆ ಇತಿಹಾಸದ ಒಂದು ಎಳೆ ನಮ್ಮ ಊರಿಗೂ ಬಂದು ಸೇರುತ್ತದೆ.

ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ಲನ್ನು ಹೊರತಂದದ್ದು 1991ರಲ್ಲಿ. ಕರ್ನೆಲ್ ಎಂದರೆ ಯಂತ್ರದ ಒಳಗಿನ ಆಡಳಿತ ಮಾತ್ರ. ಕಣ್ಣಿಗೆ ಕಾಣುವ ಕಿಟಕಿ, ಮೆನು, ಫೈಲುಗಳ ಪಟ್ಟಿ ಇವನ್ನೆಲ್ಲ ಒದಗಿಸುವುದು ಡೆಸ್ಕ್‌ಟಾಪ್ ಎಂಬ ಇನ್ನೊಂದು ಪದರ. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಆರಂಭವಾದವು. ಇವು ವರ್ಷದಿಂದ ವರ್ಷಕ್ಕೆ ಅಂದವಾದವು, ಜೊತೆಗೆ ಭಾರವೂ ಆದವು. ಕರ್ನೆಲ್ಲನ್ನು ಡೆಸ್ಕ್‌ಟಾಪಿನಿಂದ ಬೇರೆಯಾಗಿ ಇಟ್ಟದ್ದರಿಂದ ಒಂದು ಲಾಭವಾಯಿತು: ಒಳಗಿನ ವ್ಯವಸ್ಥೆಯನ್ನು ಹಾಗೆಯೇ ಬಿಟ್ಟು ಮೇಲಿನ ಪದರವನ್ನು ಮಾತ್ರ ಬದಲಿಸಬಹುದಿತ್ತು. ಫ್ರಾನ್ಸಿನ ಒಲಿವಿಯೆ ಫೂರ್ದಾಂ 1996ರಲ್ಲಿ ಆರಂಭಿಸಿದ ಎಕ್ಸ್‌ಎಫ್‌ಸಿಇ ಹಾಗೆ ಹಗುರ ಡೆಸ್ಕ್‌ಟಾಪ್ ಎಂದು ಹೆಸರಾಯಿತು. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಪಪ್ಪಿ ಲಿನಕ್ಸ್ ತಂದರು. ಅದು ಇಡಿಯಾಗಿ ರ‍್ಯಾಮಿನಲ್ಲೇ ಕೂತು ಓಡುವಷ್ಟು ಪುಟ್ಟದು. 2006ರಲ್ಲಿ ತೈವಾನಿನ ಹಾಂಗ್ ಜೆನ್ ಯೀ ಒಂದು ಫೈಲ್ ಮ್ಯಾನೇಜರಿನಿಂದ ಆರಂಭಿಸಿ ಎಲ್‌ಎಕ್ಸ್‌ಡಿಇ ಕಟ್ಟಿದರು. ಮುಂದೆ ಅದರ ಬಳಗ ರೇಜರ್-ಕ್ಯೂಟಿ ಎಂಬ ಇನ್ನೊಂದು ಯೋಜನೆಯೊಡನೆ ಸೇರಿ 2014ರಲ್ಲಿ ಎಲ್‌ಎಕ್ಸ್‌ಕ್ಯೂಟಿಯ ಮೊದಲ ಆವೃತ್ತಿ ಹೊರಟಿತು. ಇವತ್ತಿನ ಲುಬುಂಟು ಬಳಸುವುದು ಅದನ್ನೇ.

ಇವರೆಲ್ಲ ತೂಕ ಇಳಿಸಿದ್ದು ಹೇಗೆ? ಕಿಟಕಿಗಳ ನೆರಳು, ಜಾರಾಟ, ಅಲಂಕಾರ ಹೋದವು. ಹಿನ್ನೆಲೆಯಲ್ಲಿ ಸದಾ ಓಡುವ ಸೇವೆಗಳು ಹೋದವು. ತೀರಾ ಪುಟ್ಟ ವ್ಯವಸ್ಥೆಗಳಲ್ಲಿ ಇನ್ನೂ ಕೆಲವು ಸದ್ದಿಲ್ಲದೆ ಹೋದವು: ಇಂಗ್ಲಿಷ್ ಅಲ್ಲದ ಭಾಷೆಗಳ ಫಾಂಟು, ಕೀಲಿಮಣೆ, ಅನುವಾದ. ಒಬ್ಬರಿಗೆ ಅದು ಬೇಡದ ಹೊರೆ. ಇನ್ನೊಬ್ಬರಿಗೆ ಅದೇ ಬಾಯಿ, ಅದೇ ಕಣ್ಣು. ವಿಚಿತ್ರವೆಂದರೆ ಒಂದು ಕನ್ನಡ ಫಾಂಟಿನ ಗಾತ್ರ ಸಾಮಾನ್ಯವಾಗಿ ಕೆಲವು ನೂರು ಕೆಬಿ ಮಾತ್ರ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದು.

ಕನ್ನಡ ಕಂಪ್ಯೂಟರಿಗೆ ಹೊರೆಯಲ್ಲ ಎಂದು ಬಹಳ ಹಿಂದೆಯೇ ತೋರಿಸಿಕೊಟ್ಟವರಲ್ಲಿ ಕೆ. ಪಿ. ರಾವ್ ಒಬ್ಬರು. ಕಿನ್ನಿಕಂಬಳ ಪದ್ಮನಾಭ ರಾವ್ ಎಂಬುದು ಪೂರ್ಣ ಹೆಸರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ, ಸಿಂಧೂ ಲಿಪಿಯ ಕುರಿತು ಐರಾವತಂ ಮಹಾದೇವನ್ ಅವರೊಡನೆ ದುಡಿದು, ಮುದ್ರಣ ತಂತ್ರಜ್ಞಾನದಲ್ಲಿ ಪಳಗಿ, ಉಡುಪಿ-ಮಣಿಪಾಲದೊಡನೆ ನಂಟು ಬೆಳೆಸಿಕೊಂಡವರು. ಡಾಸ್ ಕಾಲದ ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಸೇಡಿಯಾಪು ಕೃಷ್ಣ ಭಟ್ಟರು ಛಂದಸ್ಸು, ಶಬ್ದಾರ್ಥಗಳ ದೊಡ್ಡ ವಿದ್ವಾಂಸರು. ಆ ಹೆಸರನ್ನು ಒಂದು ಪುಟ್ಟ ತಂತ್ರಾಂಶ ಹೊತ್ತದ್ದರಲ್ಲಿ ಔಚಿತ್ಯವಿತ್ತು. ಯಾಕೆಂದರೆ ರಾಯರ ಕೀಲಿಮಣೆ ನಿಂತದ್ದು ವ್ಯಾಕರಣದ ಮೇಲೆ.

ಬೆರಳಚ್ಚು ಯಂತ್ರಕ್ಕೆ ಬೇಕಾದದ್ದು ಆಕಾರಗಳು: ತಲೆಕಟ್ಟು, ಗುಡಿಸು, ಕೊಂಬು, ಒತ್ತು. ರಾಯರು ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿದರು. ಒಂದು ಧ್ವನಿಗೆ ಒಂದು ಕೀಲಿ. ಅಲ್ಪಪ್ರಾಣಕ್ಕೆ ಚಿಕ್ಕ ಅಕ್ಷರ, ಮಹಾಪ್ರಾಣಕ್ಕೆ ಶಿಫ್ಟ್. ವ್ಯಂಜನದ ನಂತರ ಸ್ವರ ಒತ್ತಿದರೆ ಅದು ತಾನಾಗಿ ಗುಣಿತಾಕ್ಷರ. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ‘ಉಡುಪಿ’ ಎಂದು ಬರೆಯಲು ಯು, ಕ್ಯೂ, ಯು, ಪಿ, ಐ ಎಂಬ ಐದು ಕೀಲಿ ಸಾಕು. ‘ಕಾರ್ಕಳ’ಕ್ಕೆ ಕೆ, ದೊಡ್ಡ ಎ, ಆರ್, ಎಫ್, ಕೆ, ದೊಡ್ಡ ಎಲ್ ಎಂಬ ಆರು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆ ಕೂತಿತು. ಮುಂದೆ ಅಲ್ಪಸ್ವಲ್ಪ ಬದಲಾವಣೆಯೊಡನೆ ಇದೇ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಧಿಕೃತವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನು ಕಚೇರಿ ಕಚೇರಿಗೆ ಮುಟ್ಟಿಸಿತು.

ಆದರೆ ಒತ್ತುವುದು ಒಂದು, ಉಳಿಸಿಡುವುದು ಇನ್ನೊಂದು. ಡಿಟಿಪಿ ಕಾಲದಲ್ಲಿ ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದದ್ದು ಮತ್ತೆ ಆಕಾರವೇ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. 1998ರಲ್ಲಿ ಬಂದ ‘ಬರಹ’, ನಂತರದ ‘ನುಡಿ’ ಎರಡೂ ಇಂಥ ಫಾಂಟುಗಳ ಮೂಲಕವೇ ಮೊದಲು ಮನೆಮಾತಾದವು. ಅವುಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಮದುವೆಯ ಕಾಗದ, ಬಯಲಾಟದ ಕರಪತ್ರ, ಸಂಘದ ವಾರ್ಷಿಕ ವರದಿ, ಎಷ್ಟೋ ಪುಸ್ತಕಗಳು ಅವುಗಳಲ್ಲೇ ಹುಟ್ಟಿದವು. ತೊಂದರೆ ಕಾಣುವುದು ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದಾಗ: ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಅದರಲ್ಲಿ ಒಂದು ಪದ ಹುಡುಕಲಾಗದು, ಅಕಾರಾದಿ ಜೋಡಿಸಲಾಗದು.

ಯೂನಿಕೋಡ್ ಇದಕ್ಕೆ ಉತ್ತರವಾಯಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಜಾಗ ದೊರೆತಿತ್ತು. ಅಲ್ಲಿ ಉಳಿಯುವುದು ಧ್ವನಿಯ ಕ್ರಮ. ‘ಉಡುಪಿ’ಗೆ ಐದು ಸಂಕೇತ, ‘ಕಾರ್ಕಳ’ಕ್ಕೆ ಆರು, ರಾಯರ ಕೀಲಿಗಳಷ್ಟೇ, ಅದೇ ಅನುಕ್ರಮದಲ್ಲಿ. ಆದರೆ ಪರದೆಯ ಮೇಲೆ ರಕಾರ ಅರ್ಕಾವತ್ತಾಗಿ ಕಕಾರದ ಬಲಕ್ಕೆ ಹೋಗಿ ಕೂರಬೇಕು. ಧ್ವನಿಯನ್ನು ಆಕಾರಕ್ಕೆ ತಿರುಗಿಸುವ ಈ ಕೆಲಸವನ್ನು ಯಾರಾದರೂ ಮಾಡಲೇಬೇಕು. ವಿಂಡೋಸಿನಲ್ಲಿ ಅದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಡನೆ ಬಂತು. ಮುಕ್ತ ತಂತ್ರಾಂಶದಲ್ಲಿ ಆ ಹೊಣೆ ಹೊತ್ತದ್ದು ಪ್ಯಾಂಗೋ, ಆಮೇಲೆ ಹಾರ್ಫ್‌ಬಜ್. ಪ್ಯಾಂಗೋ ಎಂಬ ಹೆಸರಿನಲ್ಲಿ ಗ್ರೀಕಿನ ‘ಎಲ್ಲ’ ಮತ್ತು ಜಪಾನಿಯ ‘ಭಾಷೆ’ ಎರಡೂ ಸೇರಿವೆ. ಎಲ್‌ಎಕ್ಸ್‌ಡಿಇ, ಎಕ್ಸ್‌ಎಫ್‌ಸಿಇ ಎಷ್ಟೇ ಹಗುರವಾದರೂ ಈ ಪದರವನ್ನು ಬಿಡಲಿಲ್ಲ. 512 ಎಂಬಿ ರ‍್ಯಾಮಿನ ಯಂತ್ರದಲ್ಲೂ ಅವು ಅರ್ಕಾವತ್ತನ್ನು ಸರಿಯಾದ ಜಾಗದಲ್ಲಿ ತೋರಿಸಬಲ್ಲವು. ಸ್ವಯಂಸೇವಕರು ಈ ಡೆಸ್ಕ್‌ಟಾಪುಗಳ ಮೆನುಗಳನ್ನು ಕನ್ನಡಕ್ಕೆ ತಂದರು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಬಂದವು.

ಅಳವಡಿಸುವ ಕೆಲಸ ಕಷ್ಟದ್ದಲ್ಲ, ಅವಸರದ್ದೂ ಅಲ್ಲ. ಲುಬುಂಟು ಅಥವಾ ಡೆಬಿಯನ್ನಿನ ಪ್ರತಿಯನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಯಂತ್ರವನ್ನು ಆರಂಭಿಸಿ, ಡಿಸ್ಕನ್ನು ಮುಟ್ಟದೆ ಮೊದಲು ನೋಡಬಹುದು. ವೈಫೈ ಹಿಡಿಯುತ್ತದೆಯೇ, ಪ್ರಿಂಟರು ಮಾತಾಡುತ್ತದೆಯೇ ಎಂದು ಪರೀಕ್ಷಿಸಿ ಆಮೇಲೆ ಸ್ಥಾಪಿಸಿದರಾಯಿತು. ಪ್ರೊಸೆಸರು 64 ಬಿಟ್ಟಿನದೇ ಎಂದು ಮೊದಲೇ ನೋಡಿಕೊಳ್ಳಬೇಕು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಗಳಿಗೆ ಸ್ಥಾಪಕವೇ ಇಲ್ಲ. ಹಗುರದ ಲೋಕಕ್ಕೂ ಒಂದು ಕೊನೆಯ ದಿನಾಂಕ ಇದೆ. ಸ್ಥಾಪನೆಯ ನಂತರ ಕನ್ನಡ ಫಾಂಟು, ಐಬಸ್ ಮತ್ತು ಎಂ17ಎನ್ ಹಾಕಿ, ಕೆಜಿಪಿ ವಿನ್ಯಾಸ ಆರಿಸಿದರೆ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಎಲ್ಲಕ್ಕಿಂತ ಮುಖ್ಯ. ಹಳೆಯ ವಿಂಡೋಸನ್ನು ಅಳಿಸುವ ಮೊದಲು ಅದರಲ್ಲಿರುವ ನುಡಿ, ಬರಹ ಕಡತಗಳನ್ನೂ ಅವುಗಳ ಫಾಂಟುಗಳನ್ನೂ ಎರಡು ಕಡೆ ನಕಲು ಮಾಡಿಕೊಳ್ಳಬೇಕು. ಅವನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಆದರೆ ಬದಲಿಸಿದ ಪಠ್ಯವನ್ನು ಮೂಲದೊಡನೆ ಕಣ್ಣಾರೆ ತಾಳೆ ನೋಡದೆ ನಂಬುವಂತಿಲ್ಲ, ತಾಳೆ ನೋಡಲು ಹಳೆಯ ಫಾಂಟು ಬೇಕೇ ಬೇಕು. ಯಂತ್ರ ಗುಜರಿಗೆ ಹೋದಾಗ ಹೋಗುವುದು ಬರೀ ಕಬ್ಬಿಣವಲ್ಲ. ಒಬ್ಬ ಅರ್ಥಧಾರಿಯ ಟಿಪ್ಪಣಿ, ಒಂದು ಊರಿನ ದೇವಸ್ಥಾನದ ಚರಿತ್ರೆ, ಅಚ್ಚಾಗದ ಒಂದು ಕವನಸಂಕಲನ ಅದರ ಡಿಸ್ಕಿನಲ್ಲೇ ಉಳಿದಿರಬಹುದು.

ಇನ್ನು ಹಳೆಯ ವಿಂಡೋಸಿನಲ್ಲೇ ಮುಂದುವರಿದರೆ ಏನಾಯಿತು ಎಂದು ಕೇಳಬಹುದು. ವೈರಸ್ಸಿನ ಭಯ ಒಂದು ಕಡೆ ಇರಲಿ. ಪರಿಷ್ಕರಣೆ ನಿಂತ ವ್ಯವಸ್ಥೆ ಹೊಸ ಅಕ್ಷರಗಳನ್ನು ಕಲಿಯುವುದನ್ನೂ ನಿಲ್ಲಿಸುತ್ತದೆ. ಕನ್ನಡದ ಅಕ್ಷರಗಳು ಮುಗಿದ ಪಟ್ಟಿಯಲ್ಲ. ಹಳೆಗನ್ನಡ ಓದುವವರಿಗೆ ಬೇಕಾದ ನಕಾರ ಪೊಲ್ಲು ಯೂನಿಕೋಡಿಗೆ ಸೇರಿದ್ದು 2021ರಲ್ಲಿ. ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನ 16ನೇ ಆವೃತ್ತಿಯಲ್ಲಿ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು, ತುಳುವಿನ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಡಬೇಕಾಗಿತ್ತು. ಈಗ ಆ ಭಾಷೆಗೆ ತನ್ನದೇ ಸಂಕೇತಗಳಿವೆ. ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪು ಕೂಡ ಅವನ್ನು ತೋರಿಸಬಲ್ಲದು. ಅದರ ಮೇಲೆ ಹೊಸ ಹಾರ್ಫ್‌ಬಜ್ ಇರುವ ವ್ಯವಸ್ಥೆ, ತಕ್ಕ ಫಾಂಟು ಇರಬೇಕು ಅಷ್ಟೆ.

ಹಗುರ ಡೆಸ್ಕ್‌ಟಾಪ್ ಮಾಡಲಾಗದ್ದೂ ಇದೆ. ಇವತ್ತಿನ ನಿಜವಾದ ಭಾರ ಬ್ರೌಸರಿನದು. ನಾಲ್ಕಾರು ಜಾಲತಾಣ ಒಟ್ಟಿಗೆ ತೆರೆದರೆ 2 ಜಿಬಿಯ ಯಂತ್ರ ಏದುಸಿರು ಬಿಡುತ್ತದೆ, ಡೆಸ್ಕ್‌ಟಾಪು ಯಾವುದಾದರೂ ಸರಿ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಒಂದಿಷ್ಟು ಚುರುಕಾದೀತು. ಆದರೆ ಬರೆಯುವುದು, ಓದುವುದು, ಹಸ್ತಪ್ರತಿಯ ಚಿತ್ರ ನೋಡಿ ಟೈಪು ಮಾಡುವುದು, ವಿಕಿಪೀಡಿಯಕ್ಕೆ ಒಂದು ಪುಟ ಸೇರಿಸುವುದು ಇಷ್ಟಕ್ಕೆ ಅದು ಧಾರಾಳ ಸಾಕು. ಸಾಹಿತ್ಯದ ವಿದ್ಯಾರ್ಥಿಗೆ ಕಂಪ್ಯೂಟರಿನಿಂದ ಬೇಕಾದದ್ದು ಹೆಚ್ಚಿನಂಶ ಇಷ್ಟೇ.

ಹಾಗಾಗಿ ಯಾವ ಹಗುರ ವ್ಯವಸ್ಥೆ ಒಳ್ಳೆಯದು ಎಂದು ಆರಿಸುವಾಗ ಎಷ್ಟು ಎಂಬಿ ಉಳಿಯಿತು ಎಂಬ ಲೆಕ್ಕದ ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಪೆನ್‌ಡ್ರೈವಿನಿಂದ ಆರಂಭಿಸಿ, ಆರು ಕೀಲಿ ಒತ್ತಿ, ‘ಕಾರ್ಕಳ’ ಎಂದು ಬರೆದು ನೋಡಿ. ಅರ್ಕಾವತ್ತು ತನ್ನ ಜಾಗದಲ್ಲಿ ಕೂತರೆ ಆ ಯಂತ್ರಕ್ಕೆ ಇನ್ನೂ ಕೆಲವು ವರ್ಷ ಕನ್ನಡದ ಕೆಲಸವಿದೆ.